ಹೆಣ್ಣುಮಕ್ಕಳ ಟೆನಿಸ್ ಡಬಲ್ಸ್‌ನಿಂದಲೇ ಬೆಳೆಯಲಿ

ಬೆಂಗಳೂರಿನಲ್ಲಿ 2006ರಿಂದ 2008ರವರೆಗೆ ಮೂರು ವರ್ಷ ಮಹಿಳೆಯರ ಡಬ್ಲ್ಯುಟಿಎ ಟೂರ್ನಿ ನಡೆಯಿತು. ಆ ಟೂರ್ನಿಯ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು 2008ರಲ್ಲಿ ಸೆರೆನಾ ವಿಲಿಯಮ್ಸ್ ಗೆದ್ದ ಸಿಂಗಲ್ಸ್ ಪ್ರಶಸ್ತಿ. ಆದರೆ ಮೂರೂ ವರ್ಷದ ವಿಜೇತರ ಪಟ್ಟಿಯಲ್ಲಿ ಸಿಗುವ ಭಾರತೀಯ ಹೆಸರು ಒಂದೇ, ಅದೂ ಡಬಲ್ಸ್‌ನಲ್ಲಿ. 2006ರಲ್ಲಿ ಸಾನಿಯಾ ಮಿರ್ಜಾ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಲಿಜೆಲ್ ಹ್ಯೂಬರ್ ಜೊತೆಗೂಡಿ ಗೆದ್ದರು. ಮರುವರ್ಷ ಡಬಲ್ಸ್ ಗೆದ್ದವರು ತೈವಾನ್‌ನ ಜೋಡಿ, 2008ರಲ್ಲಿ ಚೀನಾದ ಪೆಂಗ್ ಶುವಾಯಿ ಮತ್ತು ಸುನ್ ತಿಯಾನ್‌ತಿಯಾನ್. ಏಷ್ಯಾದ ಹೆಣ್ಣುಮಕ್ಕಳು ವೃತ್ತಿಪರ ಟೆನಿಸ್‌ನೊಳಗೆ ಹೆಜ್ಜೆಯಿಟ್ಟ ದಾರಿ ಡಬಲ್ಸ್ ಎಂಬುದು ಈ ಪಟ್ಟಿಯಲ್ಲೇ ಕಾಣುತ್ತದೆ. ನಾವು ಮಾತ್ರ ಅದನ್ನು ಇಂದಿಗೂ ಪಕ್ಕದ ಅಂಕಣದ ಆಟವೆಂದೇ ನೋಡುತ್ತಿದ್ದೇವೆ.

ಸಿಂಗಲ್ಸ್‌ನಲ್ಲಿ ಸೋತವರು ಡಬಲ್ಸ್‌ಗೆ ಬರುತ್ತಾರೆ, ಮಕ್ಕಳನ್ನು ಅತ್ತ ಹಚ್ಚಿದರೆ ಅವರ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ ಎಂಬ ಆಕ್ಷೇಪವಿದೆ. ಚೀನಾದ ಅನುಭವ ಇದಕ್ಕೆ ತದ್ವಿರುದ್ಧ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಲಿ ಟಿಂಗ್ ಮತ್ತು ಸುನ್ ಡಬಲ್ಸ್ ಚಿನ್ನ ಗೆದ್ದರು. 2006ರಲ್ಲಿ ಝೆಂಗ್ ಜೀ ಮತ್ತು ಯಾನ್ ಝಿ ಆಸ್ಟ್ರೇಲಿಯಾ ಓಪನ್ ಹಾಗೂ ವಿಂಬಲ್ಡನ್ ಎರಡನ್ನೂ ಗೆದ್ದರು. ಅದೇ ಝೆಂಗ್ 2008ರ ವಿಂಬಲ್ಡನ್ ಸಿಂಗಲ್ಸ್‌ನಲ್ಲಿ ಸೆಮಿಫೈನಲ್ ತಲುಪಿದರು. 2011ರಲ್ಲಿ ಲಿ ನಾ ಫ್ರೆಂಚ್ ಓಪನ್ ಸಿಂಗಲ್ಸ್ ಕಿರೀಟ ತೊಟ್ಟರು. ನಮ್ಮಲ್ಲೂ ಅಷ್ಟೇ, ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್‌ವರೆಗೆ ಏರಿದ್ದ ಸಾನಿಯಾ 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ವಿಶ್ವಕ್ಕೇ ಮೊದಲಿಗರಾದರು. ಮಣಿಕಟ್ಟಿನ ಗಾಯದಿಂದ ನಲುಗಿದ್ದ ಆಟಗಾರ್ತಿಗೆ ಹತ್ತಾರು ಪ್ರಶಸ್ತಿಗಳ ಎರಡನೇ ಆಯುಷ್ಯ ಕೊಟ್ಟದ್ದು ಡಬಲ್ಸ್. ಅದನ್ನು ಸೋಲು ಎನ್ನುವುದು ಅನ್ಯಾಯ.

ಹಣದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2025ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ವಿಜೇತೆಗೆ 30 ಲಕ್ಷ ಪೌಂಡ್; ಡಬಲ್ಸ್ ಗೆದ್ದ ಇಬ್ಬರಿಗೂ ಸೇರಿ 6.8 ಲಕ್ಷ. ಟೂರ್ನಿಯ ಮೆಟ್ಟಿಲು ಇಳಿದಷ್ಟೂ ಡಬಲ್ಸ್ ಒಂದನ್ನೇ ನಂಬಿ ಬದುಕುವುದು ಕಷ್ಟ, ಇದನ್ನು ಒಪ್ಪಲೇಬೇಕು. ಆದರೆ ಈ ಅಂತರವನ್ನು ಇಟ್ಟವರು ಆಯೋಜಕರು. ಒಳ್ಳೆಯ ಅಂಕಣ, ಒಳ್ಳೆಯ ಸಮಯ, ಟಿವಿ ಪ್ರಸಾರ ಎಲ್ಲವನ್ನೂ ಸಿಂಗಲ್ಸ್‌ಗೆ ಕೊಟ್ಟು, ಆಮೇಲೆ ಡಬಲ್ಸ್‌ಗೆ ಪ್ರೇಕ್ಷಕರೇ ಇಲ್ಲ ಎಂದು ದೂರುವುದು ಎಷ್ಟು ಸರಿ?

ಡಬಲ್ಸ್‌ನಿಂದಲೇ ಆರಂಭಿಸಬೇಕೆಂಬ ಈ ವಾದ ಬೆಂಗಳೂರಿಗಿಂತ ಹೆಚ್ಚಾಗಿ ನಮ್ಮ ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗೆ, ಹೊಳಲಿನಂಥ ಊರುಗಳಿಗೆ ಅನ್ವಯಿಸುತ್ತದೆ. ಅಂಕಣದ ಉದ್ದ ಎರಡೂ ಆಟಕ್ಕೆ 23.77 ಮೀಟರ್, ಅಗಲವನ್ನು 8.23ರಿಂದ 10.97 ಮೀಟರ್‌ಗೆ ಹಿಗ್ಗಿಸಿದರೆ ಇಬ್ಬರ ಜಾಗದಲ್ಲಿ ನಾಲ್ವರು ಆಡುತ್ತಾರೆ. ಚೆಂಡು, ಬಲೆ, ತರಬೇತುದಾರರ ಸಂಬಳದ ಖರ್ಚೂ ನಾಲ್ವರಲ್ಲಿ ಹಂಚಿಹೋಗುತ್ತದೆ. ಸಂಜೆ ಮಗಳೊಬ್ಬಳನ್ನೇ ಮೈದಾನಕ್ಕೆ ಕಳಿಸಲು ಹಿಂಜರಿಯುವ ಮನೆಯವರು ಓಣಿಯ ಗೆಳತಿ ಜೊತೆಗಿದ್ದರೆ ಒಪ್ಪುವ ಸಾಧ್ಯತೆ ಹೆಚ್ಚು. ತಾಲ್ಲೂಕು ಕ್ರೀಡಾಂಗಣಗಳಲ್ಲಿ ಟೆನಿಸ್‌ಗೆ ಜಾಗ ಮೀಸಲಿಡುವಾಗ ಕ್ರೀಡಾ ಇಲಾಖೆ ಡಬಲ್ಸ್‌ನ ಅಗಲಕ್ಕೇ ಗೆರೆ ಎಳೆಯಲಿ, ಬಾಲಕಿಯರ ಸ್ಪರ್ಧೆಯನ್ನು ಜೋಡಿ ಆಟದಿಂದಲೇ ಆರಂಭಿಸಲಿ.