ಮೂಗಿನ ತುದಿ ಬೆಚ್ಚಗಾದಾಗ ಬಸ್ ನಿಲ್ಲಿಸುವವರು ಯಾರು?

ಮುಂಬೈಯ ಜೋಗೇಶ್ವರಿಯಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಅಂಚಿಗೆ ಸಂಜೆ ಹೊತ್ತು ಊರಿಗೆ ಹೊರಟವರು ಚೀಲ, ಮಕ್ಕಳ ಸಮೇತ ಬಸ್ ಕಾಯುತ್ತಿರುತ್ತಾರೆ. ಬೊರಿವಲಿ ಕಡೆಯಿಂದ ಜನರನ್ನು ಹತ್ತಿಸಿಕೊಳ್ಳುತ್ತಾ ಬರುವ ಖಾಸಗಿ ಸ್ಲೀಪರ್ ಬಸ್ಸಿನ ಚಾಲಕ ಇಲ್ಲಿಗೆ ತಲುಪುವಾಗಲೇ ಅರ್ಧ ದಣಿದಿರುತ್ತಾನೆ. ವಿಕ್ರೋಲಿ ಲಿಂಕ್ ರಸ್ತೆಯ ಟ್ರಾಫಿಕ್ ದಾಟಿ ಪುಣೆ ಮುಟ್ಟುವಷ್ಟರಲ್ಲಿ ನಡುರಾತ್ರಿ ಸಮೀಪಿಸುತ್ತದೆ. ಮನುಷ್ಯನ ದೇಹ ನಿದ್ದೆಗೆ ಅತಿ ಬಲವಾಗಿ ಎಳೆಯುವ ಎರಡರಿಂದ ಐದು ಗಂಟೆಯ ನಡುವಿನ ಹೊತ್ತು ಅವನ ಪಾಲಿಗೆ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಯ ಆಸುಪಾಸಿನಲ್ಲಿ ಬರುತ್ತದೆ.

ಬೆಳಗಾವಿ ದಾಟಿ ಸಾಗುವ ಹೆದ್ದಾರಿಯ ಮುಂದಿನ ತುಂಡಿನಲ್ಲಿ, ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, 2024ರ ಜೂನ್ 28ರ ನಸುಕಿನಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಮಂದಿ ಸತ್ತರು. ಭದ್ರಾವತಿ ಕಡೆಯ ಎಮ್ಮೆಹಟ್ಟಿಯವರು, ದೇವಿ ದರ್ಶನ ಮುಗಿಸಿ ಮರಳುತ್ತಿದ್ದವರು. ಚಾಲಕ ತೂಕಡಿಸಿರಬಹುದೆಂಬ ಶಂಕೆ ಅಂದೇ ಕೇಳಿಬಂತು. ಇಂಥ ಅಪಘಾತಗಳಲ್ಲಿ ಮಾತು ಶಂಕೆಗೇ ನಿಂತುಬಿಡುತ್ತದೆ. ಕುಡಿದಿದ್ದರೆ ರಕ್ತದಲ್ಲಿ ಗುರುತು ಸಿಗುತ್ತದೆ, ನಿದ್ದೆಗೆ ಅಂಥ ಗುರುತಿಲ್ಲ.

ಹಾಗಾದರೆ ನಿದ್ದೆ ಬರುವ ಮೊದಲೇ ಅದರ ಸುಳಿವು ಸಿಗುವುದೇ? ಈಗ ಬಳಕೆಯಲ್ಲಿರುವ ಹೆಚ್ಚಿನ ಸಾಧನಗಳು ರೆಪ್ಪೆಯನ್ನು ಗಮನಿಸುತ್ತವೆ. ಕಣ್ಣು ಎಷ್ಟು ಹೊತ್ತು ಮುಚ್ಚಿತ್ತು ಎಂದು ಲೆಕ್ಕ ಹಾಕಿ ಕೂಗುತ್ತವೆ. ಆದರೆ ರೆಪ್ಪೆ ಕೂಡುವಾಗ ಹೊತ್ತು ಮೀರಿರುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಬಸ್ಸು ಮೂರು ಸೆಕೆಂಡಿನ ಜೋಂಪಿನಲ್ಲಿ ಸುಮಾರು 67 ಮೀಟರ್ ಕುರುಡಾಗಿ ಓಡುತ್ತದೆ.

ಚರ್ಮದ ಬಿಸಿ ಇದಕ್ಕಿಂತ ಮುಂಚೆ ಮಾತಾಡಬಲ್ಲದು. ನಿದ್ದೆಗೆ ಅಣಿಯಾಗುವ ದೇಹ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ, ಅಂಗೈ ಅಂಗಾಲುಗಳ ರಕ್ತನಾಳಗಳು ಹಿಗ್ಗುತ್ತವೆ. ಪಾದ ಬೆಚ್ಚಗಾದವರಿಗೆ ನಿದ್ದೆ ಬೇಗ ಹತ್ತುತ್ತದೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲೇ ತೋರಿಸಿದ್ದಾರೆ. ಮುಖದಲ್ಲಿ ಇದೇ ಬಗೆಯ ನಾಳಗಳು ದಟ್ಟವಾಗಿರುವುದು ಮೂಗಿನಲ್ಲಿ. ಮನಸ್ಸು ಬಿಗಿಯಾಗಿದ್ದಾಗ ಮೂಗಿನ ತುದಿ ತಣ್ಣಗಿರುತ್ತದೆ, ಸಡಿಲಗೊಂಡಾಗ ಬೆಚ್ಚಗಾಗುತ್ತದೆ. ಹಣೆ ಮಾತ್ರ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಹಣೆಗೂ ಮೂಗಿಗೂ ಇರುವ ಬಿಸಿಯ ಅಂತರ ಕಡಿಮೆಯಾಗುತ್ತಾ ಬಂದರೆ ಅದೊಂದು ಸೂಚನೆ. ಡ್ಯಾಶ್‌ಬೋರ್ಡಿನ ಥರ್ಮಲ್ ಕ್ಯಾಮೆರಾ ಕಗ್ಗತ್ತಲಲ್ಲೂ ಮುಖವನ್ನು ಮುಟ್ಟದೆಯೇ ಇದನ್ನು ಅಳೆಯುತ್ತದೆ. ಪ್ಯಾನಾಸೋನಿಕ್ 2017ರಲ್ಲಿ ಪ್ರಕಟಿಸಿದ ವ್ಯವಸ್ಥೆಯು ರೆಪ್ಪೆ ಬಡಿತದ ಜೊತೆಗೆ ಚಾಲಕನ ಮೈಯಿಂದ ಹೊರಬೀಳುವ ಶಾಖವನ್ನೂ ಲೆಕ್ಕಕ್ಕೆ ಹಿಡಿದಿತ್ತು.

ನಮ್ಮ ಬಸ್ಸಿನ ಕ್ಯಾಬಿನ್ ಪ್ರಯೋಗಾಲಯವಲ್ಲ ಎಂಬುದೂ ನಿಜ. ಎಂಜಿನ್ ಪಕ್ಕದ ಕಾವು, ತೆರೆದ ಕಿಟಕಿಯ ಗಾಳಿ, ಮುಂಬೈಯ ಬೆವರು, ನೆಗಡಿ, ಮುಖಕ್ಕೆ ಕಟ್ಟಿದ ಕರವಸ್ತ್ರ, ಎಲ್ಲವೂ ಅಳತೆಯನ್ನು ಕೆಡಿಸುತ್ತವೆ. ಇನ್ನೂ ಕಠಿಣವಾದದ್ದು ನಿದ್ದೆಯ ಜೊತೆ ಗುದ್ದಾಡುವ ಚಾಲಕನ ಮುಖ. ಜೋಂಪು ಮೂಗನ್ನು ಬೆಚ್ಚಗಾಗಿಸಲು ಹೊರಟರೆ, ಎಚ್ಚರವಾಗಿರಲೇಬೇಕೆಂಬ ಹಟ ತಣ್ಣಗಾಗಿಸಲು ಎಳೆಯುತ್ತದೆ. ಅತಿ ಅಪಾಯದಲ್ಲಿರುವವನ ಮುಖವೇ ಗೊಂದಲದ ಸಂದೇಶ ಕೊಡಬಹುದು. ಆದ್ದರಿಂದ ಬಿಸಿಯೊಂದನ್ನೇ ನಂಬದೆ ರೆಪ್ಪೆ, ಸ್ಟೀರಿಂಗಿನ ಚಲನೆಯ ಜೊತೆ ಸೇರಿಸಿ ಓದಬೇಕು. ಪರೀಕ್ಷೆಯೂ ನಮ್ಮದೇ ರಸ್ತೆಯಲ್ಲಿ, ನಮ್ಮದೇ ಚಾಲಕರ ಮೇಲೆ, ಮೇ ತಿಂಗಳ ಸೆಕೆಯಲ್ಲಿ ನಡೆಯಬೇಕು.

ಆದರೂ ಕ್ಯಾಮೆರಾದ ನಿಖರತೆಗಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಹತ್ತು ನಿಮಿಷ ಮೊದಲೇ ಎಚ್ಚರಿಕೆ ಬಂತು ಅನ್ನಿ. ಚಾಲಕ ಏನು ಮಾಡಬೇಕು? ಬೆಳಗ್ಗೆ ಇಷ್ಟು ಗಂಟೆಗೆ ಊರು ಮುಟ್ಟಿಸುತ್ತೇವೆಂದು ಮಾಲೀಕ ಟಿಕೆಟ್ ಮಾರಿದ್ದಾನೆ. ತಡವಾದರೆ ಪ್ರಯಾಣಿಕರ ಬೈಗುಳ, ಮಾಲೀಕನ ಫೋನು, ಕೆಲವೊಮ್ಮೆ ಸಂಬಳಕ್ಕೂ ಕತ್ತರಿ. ತನಗೆ ಕಣ್ಣು ಎಳೆಯುತ್ತಿರುವುದು ಎಷ್ಟೋ ಸಲ ಚಾಲಕನಿಗೇ ಗೊತ್ತಿರುತ್ತದೆ. ಚಹಾ ಕುಡಿಯುತ್ತಾನೆ, ಮುಖಕ್ಕೆ ನೀರು ಎರಚಿಕೊಳ್ಳುತ್ತಾನೆ, ಕ್ಲೀನರ್ ಜೊತೆ ಮಾತಿಗಿಳಿಯುತ್ತಾನೆ. ಬಸ್ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವ ಅಧಿಕಾರವೊಂದು ಅವನಿಗಿಲ್ಲ. ಅದಿಲ್ಲದಿದ್ದರೆ ಕ್ಯಾಮೆರಾದ ಕೂಗು ಅವನನ್ನು ಬೆದರಿಸುವ ಇನ್ನೊಂದು ಸದ್ದಷ್ಟೇ.

ಚಾಲಕನಿಗೆ ಬಿಡುವು ಬೇಕೆಂಬುದು ಕಾನೂನಿಗೆ ಹೊಸ ಸಂಗತಿಯಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದು ವಿಧಿಸಿತ್ತು. ಹೆದ್ದಾರಿಯಲ್ಲಿ ಅದನ್ನು ಕೇಳಿದವರು ಕಡಿಮೆ. ರಾಷ್ಟ್ರೀಯ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಚಾಲಕರು ಇರಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಟ್ಟದ್ದಂತೂ ತಪ್ಪು ಹೆಜ್ಜೆ. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ವಾಹನಗಳಿಗೆಲ್ಲ ತೂಕಡಿಕೆಯ ಎಚ್ಚರಿಕೆ ಸಾಧನ ಕಡ್ಡಾಯ. ಆದರೆ ಅಲ್ಲಿ ಬಸ್, ಲಾರಿಗಳ ಚಾಲನಾ ಅವಧಿಯನ್ನು ದಾಖಲಿಸುವ ಟ್ಯಾಕೋಗ್ರಾಫ್ ದಶಕಗಳಿಂದಲೂ ಇದೆ. ಸಾಧನ ಬಂದದ್ದು ಆ ಶಿಸ್ತಿನ ಮೇಲೆ. ನಾವು ಮೇಲಿನದನ್ನಷ್ಟೇ ತರಲು ಹೊರಟಿದ್ದೇವೆ.

ಇಂಥ ಕ್ಯಾಮೆರಾವನ್ನು ದೂರದ ಬಸ್ಸುಗಳಿಗೆ ಕಡ್ಡಾಯ ಮಾಡುವುದಾದರೆ ಜೊತೆಗೇ ಮೂರು ಮಾತು ಬರೆಯಬೇಕು. ರಾತ್ರಿ ಬಸ್ಸಿನಲ್ಲಿ ಎರಡನೇ ಚಾಲಕ ಇರಲೇಬೇಕು, ಅವನಿಗೆ ಡಿಕ್ಕಿಯಲ್ಲಲ್ಲ, ಸರಿಯಾದ ಬರ್ತಿನಲ್ಲಿ ಜಾಗ ಕೊಡಬೇಕು. ಎಚ್ಚರಿಕೆಯ ದಾಖಲೆ ಚಾಲಕನಿಗೆ ದಂಡ ಹಾಕಲು ಬಳಕೆಯಾಗಬಾರದು, ಅದು ಮಾಲೀಕನ ವೇಳಾಪಟ್ಟಿಯನ್ನು ಪ್ರಶ್ನಿಸಲು ಆರ್‌ಟಿಒ ಕೈಗೆ ಹೋಗಬೇಕು. ಸತಾರಾದಿಂದ ಹುಬ್ಬಳ್ಳಿವರೆಗೆ ಬಸ್ ನಿಲ್ಲಿಸಿ ಮಲಗಲು ಬೆಳಕಿರುವ, ಶೌಚಾಲಯವಿರುವ ಸುರಕ್ಷಿತ ತಾಣಗಳು ಬೇಕು. ರಸ್ತೆ ಬದಿಯಲ್ಲಿ ನಿಂತ ವಾಹನದಿಂದ ಏನಾಗಬಹುದೆಂದು ಗುಂಡೇನಹಳ್ಳಿಯಲ್ಲಿ ಕಂಡಿದ್ದೇವೆ. ಟೋಲ್ ಕಟ್ಟುವ ಪ್ರತಿ ಬಸ್ಸಿಗೂ ಇದನ್ನು ಕೇಳುವ ಹಕ್ಕಿದೆ.