ಹಸಿರು ಮನೆಯ ಕರೆಂಟು ಬಿಲ್ಲು

ಬೆಂಗಳೂರಿನ ಸದಾಶಿವನಗರದಂಥ ಕಡೆ ಬಾಡಿಗೆಗೆ ಫ್ಲಾಟು ಹುಡುಕುವವರಿಗೆ ಈಗ ಹೊಸ ವಿಶೇಷಣವೊಂದು ಎದುರಾಗುತ್ತದೆ: ‘ಪರಿಸರಸ್ನೇಹಿ’. ಸೋಫಾ, ಮಂಚ, ಫ್ರಿಜ್ಜು, ಎ.ಸಿ. ಎಲ್ಲವೂ ಸಜ್ಜಾಗಿರುತ್ತವೆ. ಅದೃಷ್ಟವಿದ್ದರೆ ಬಾಲ್ಕನಿಗೆ ಸ್ಯಾಂಕಿ ಕೆರೆಯ ಗಾಳಿ. ಬಾಡಿಗೆ ಕೇಳಿ ಎದೆ ಹಿಡಿದುಕೊಂಡರೆ ದಲ್ಲಾಳಿಯ ಸಮಾಧಾನ ಸಿದ್ಧ: “ಹಸಿರು ಕಟ್ಟಡ ಸಾರ್, ಕರೆಂಟು, ನೀರಿನಲ್ಲಿ ಉಳಿಯುತ್ತೆ.”

ಉಳಿಯುತ್ತದೆಯೇ? ಇದು ನಂಬುವ ಮಾತಲ್ಲ, ಲೆಕ್ಕ ಹಾಕುವ ಮಾತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಮನೆ ನೋಡಲು ನನ್ನನ್ನೂ ಕರೆದೊಯ್ದಿದ್ದ. ನಾನು ಬಗ್ಗಿ ಫ್ರಿಜ್ಜು ಪರೀಕ್ಷಿಸುತ್ತಿದ್ದೆ. “ಏನು ಮೇಷ್ಟ್ರೇ, ಜಿರಲೆಯೇ?” ಎಂದ. “ಅಲ್ಲಪ್ಪ, ನಕ್ಷತ್ರ” ಎಂದೆ. ಅಷ್ಟರಲ್ಲಿ ಅವನ ಹೆಂಡತಿ ದಲ್ಲಾಳಿಯನ್ನು ಕೇಳಿದ್ದಳು: “ಕರೆಂಟು ಬಿಲ್ಲು ಯಾರು ಕಟ್ಟಬೇಕು?” “ನೀವೇ ಮೇಡಂ.”

ಗುಟ್ಟು ಇರುವುದೇ ಇಲ್ಲಿ. ಯಂತ್ರ ಕೊಳ್ಳುವವನು ಮಾಲೀಕ, ಅದರ ಹೊಟ್ಟೆ ಹೊರೆಯುವವನು ಬಾಡಿಗೆದಾರ. ಅಗ್ಗದ್ದನ್ನು ತಂದಿಟ್ಟರೆ ಮಾಲೀಕನಿಗೆ ನಷ್ಟವೇನೂ ಇಲ್ಲ. ಹಗಲೂ ರಾತ್ರಿ ಓಡುವ ಫ್ರಿಜ್ಜು ದಿನಕ್ಕೆ ಅರ್ಧ ಯೂನಿಟ್ಟು ಹೆಚ್ಚು ತಿಂದರೂ ವರ್ಷಕ್ಕೆ 180 ಯೂನಿಟ್ಟು ದಾಟುತ್ತದೆ. ನಕ್ಷತ್ರದ ಚೀಟಿ ನಮ್ಮ ದೇಶದಲ್ಲಿ 2006ರಲ್ಲಿ ಬಂತು. ನಕ್ಷತ್ರ ಎಣಿಸಿದರೆ ಸಾಲದು, ಚೀಟಿಯ ಮೇಲಿನ ವರ್ಷವನ್ನೂ ಓದಬೇಕು. ಏಕೆಂದರೆ ಅಳತೆಗೋಲು ಕಾಲಕಾಲಕ್ಕೆ ಬಿಗಿಯಾಗುತ್ತದೆ. 2022ರ ಜುಲೈಯಲ್ಲಿ ಐದು ನಕ್ಷತ್ರದ ಎ.ಸಿ. ರಾತ್ರೋರಾತ್ರಿ ನಾಲ್ಕಕ್ಕೆ ಇಳಿಯಿತು!

ಇನ್ನು ಸೋಲಾರ್ ಬಿಸಿನೀರು. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 4 ಯೂನಿಟ್ಟು ಬೇಕು. ಅದನ್ನು ಸೂರ್ಯ ಪುಕ್ಕಟೆ ಕೊಡುತ್ತಾನೆ, ನಿಜ. ಆದರೆ ತೊಟ್ಟಿ ತಾರಸಿಯಲ್ಲಿ, ನೀವು ಎರಡನೆಯ ಮಹಡಿಯಲ್ಲಿ. ನಡುವೆ 20 ಮೀಟರ್ ಉದ್ದದ ಒಂದಿಂಚಿನ ಕೊಳವೆಯಿದ್ದರೆ ಅದರಲ್ಲಿ ನಿಂತ ತಣ್ಣೀರೇ 10 ಲೀಟರ್. ಬೆಳಿಗ್ಗೆ ಅದಷ್ಟೂ ಹರಿದ ಮೇಲೆ ಬಿಸಿನೀರಿನ ದರ್ಶನ. ಮನೆ ನೋಡಲು ಹೋದಾಗ ಬಚ್ಚಲಿನ ನಲ್ಲಿ ತಿರುಗಿಸಿ, ಕೆಳಗೊಂದು ಬಕೆಟ್ಟು ಇಡಿ. ನಾಚಿಕೆ ಬೇಡ.

ಆ ಹರಿದ ನೀರು ಎಲ್ಲಿಯದು? ಸುಮಾರು 100 ಕಿ.ಮೀ. ದೂರದಿಂದ, 500 ಮೀಟರ್ ಎತ್ತರಕ್ಕೆ ಏರಿಸಿ ತಂದ ಕಾವೇರಿ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಎತ್ತಲು ಯಾವ ನಷ್ಟವೂ ಇಲ್ಲವೆಂದರೂ 1.36 ಯೂನಿಟ್ಟು ಬೇಕು. ಪಂಪಿನ ನಷ್ಟ ಸೇರಿದರೆ ಎರಡರ ಆಸುಪಾಸು. ನಲ್ಲಿಯ ನೀರಿನಲ್ಲಿ ಕರೆಂಟೂ ಹರಿಯುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಮುಟ್ಟಲು ಹೆದರುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಶುದ್ಧೀಕರಿಸಿದ ನೀರು ಕಕ್ಕಸಿನ ಫ್ಲಶ್ಶಿಗೆ ಬರುತ್ತದೆಯೇ, ಮಳೆನೀರಿನ ಇಂಗುಗುಂಡಿ ಹೂಳು ತುಂಬದೆ ಇದೆಯೇ, ವಿಚಾರಿಸಿ. ಬಾಗಿಲಲ್ಲಿ ಚಿಮ್ಮುವ ಕಾರಂಜಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಶ್ಚಿಮಕ್ಕೆ ಗೋಡೆಯಗಲದ ಗಾಜಿದ್ದರೆ ಮನೆಯನ್ನು ಮಧ್ಯಾಹ್ನ ನಾಲ್ಕಕ್ಕೆ ನೋಡಿ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಗೇ ಬರುತ್ತಾನೆ, ಆಗ ಸಜ್ಜೆಯ ನೆರಳು ಸಾಕು. ಸಂಜೆಯ ಇಳಿಬಿಸಿಲು ಮಾತ್ರ ಸಜ್ಜೆಯ ಕೆಳಗೆ ನುಸುಳಿ ಸೋಫಾದ ಮೇಲೆ ಕೂರುತ್ತದೆ. ಬಾಲ್ಕನಿಯ ಕುಂಡಗಳು ಅದನ್ನು ತಡೆಯಲಾರವು.

ಹಿಂದಿದ್ದ ಬಾಡಿಗೆದಾರನ ಏಪ್ರಿಲ್, ಮೇ ತಿಂಗಳ ಬಿಲ್ಲು ಕೇಳಿ. ಕರಾರುಪತ್ರದಲ್ಲಿ ಪ್ರತಿ ಯಂತ್ರದ ವರ್ಷವನ್ನೂ, ಕೆಟ್ಟರೆ ರಿಪೇರಿ ಯಾರದೆಂಬುದನ್ನೂ ಬರೆಸಿ. ಫ್ರಿಜ್ಜು ಹಳೆಯದಾಗಿದ್ದರೆ ಬದಲಿಸಿಕೊಡುವಂತೆ ಮುಂಗಡ ಕೊಡುವ ಮೊದಲೇ ಹೇಳಿ. ಕೊಟ್ಟ ಮೇಲೆ ಮಾಲೀಕರು ಫೋನು ಎತ್ತುವುದೇ ಅಪರೂಪ.