ಹಿಂದಿನ ಚಕ್ರದ ಜಾತಿ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಹೋದ ತಿಂಗಳು ಪರಶುರಾಂಪುರಕ್ಕೆ ಬಂದಿದ್ದಾಗ ಪಡಸಾಲೆಯಲ್ಲಿ ಕೂತು ಘೋಷಿಸಿದ: ‘ಕಾರು ಅಂದ್ರೆ ಹಿಂದಿನ ಚಕ್ರ ತಳ್ಳಬೇಕು. ಮುಂದಿನ ಚಕ್ರ ಎಳೆಯೋ ಗಾಡಿಗಳೆಲ್ಲ ಡಬ್ಬ.’ ಅವ್ವ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಅಪ್ಪ ಕೇಳಿದ, ‘ಹಂಗಾದ್ರೆ ನಮ್ಮ ಓಮ್ನಿದೂ ಹಿಂದಿನ ಚಕ್ರನೇ ಅಲ್ವೇನೋ?’ ತಮ್ಮ ನಕ್ಕುಬಿಟ್ಟ. ‘ಅದೂ ಒಂದು ಕಾರಾ ಅಪ್ಪಾ?’

ಆ ನಗುವಿನ ಮೇಲೆ ನನ್ನ ತಕರಾರಿದೆ.

ವಿಷಯ ಇಷ್ಟು. ಹದಿನೇಳು ವರ್ಷ ದುಡಿದ ಓಮ್ನಿಯನ್ನು ಕೊಟ್ಟು ಇನ್ನೊಂದು ಗಾಡಿ ತರಬೇಕಾಗಿದೆ. ಕೈಯಲ್ಲಿರುವುದು ಆರು ಲಕ್ಷ. ಎರಡು ವರ್ಷದ ಕಡಲೆಕಾಯಿ ದುಡ್ಡು, ತಮ್ಮನ ಉಳಿತಾಯ, ನನ್ನ ಫೆಲೋಶಿಪ್ಪಿನಲ್ಲಿ ಮಿಕ್ಕ ಚೂರುಪಾರು ಎಲ್ಲ ಸೇರಿ ಅಷ್ಟು. ಗಾಡಿಗಿರುವ ಕೆಲಸಗಳು ಹೊಸವೇನಲ್ಲ. ಮಂಡಿ ಬಗ್ಗದ ಅಪ್ಪನನ್ನು ತಿಂಗಳಿಗೆರಡು ಸಲ ಚಿತ್ರದುರ್ಗದ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಚಳ್ಳಕೆರೆಯಿಂದ ಗೊಬ್ಬರ ತರಬೇಕು, ನಾಯಕನಹಟ್ಟಿ ಜಾತ್ರೆಗೆ ಅಜ್ಜಿಯ ಜೊತೆ ಓಣಿಯ ಅರ್ಧ ಜನವನ್ನು ತುಂಬಿಕೊಳ್ಳಬೇಕು. ತಮ್ಮನ ಪಟ್ಟಿಯಲ್ಲಿ ಇನ್ನೊಂದು ಸೇರಿದೆ: ಟ್ರ್ಯಾಕ್ ಡೇ. ಅಂದರೆ ರೇಸಿನ ಸರ್ಕ್ಯೂಟಿಗೆ ಹಣ ಕಟ್ಟಿ, ಸ್ವಂತ ಕಾರನ್ನು ಒಂದು ದಿನ ಮನಸೋ ಇಚ್ಛೆ ಓಡಿಸುವುದು. ಅದಕ್ಕಾಗಿ ಅವನೊಂದು ಹಳೇ ಬಿಎಂಡಬ್ಲ್ಯು 3 ಸೀರೀಸ್ ನೋಡಿಟ್ಟಿದ್ದಾನೆ. ‘ಒಂದೇ ಕಾರಲ್ಲಿ ಎರಡೂ ಆಗುತ್ತೆ ಅಕ್ಕಾ.’

ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿರುವವಳಿಗೆ ಕಾರಿನ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಓಮ್ನಿಯನ್ನು ಕಡಲೆಕಾಯಿ ಕಿತ್ತ ಹೊಲದಲ್ಲಿ ಓಡಿಸಿ ಕಲಿತವಳು ನಾನು, ಮನೆಯಲ್ಲಿ ಅದನ್ನು ಹೆಚ್ಚು ಓಡಿಸಿದವಳೂ ನಾನೇ. ಅದೂ ಅಲ್ಲದೆ ತಮ್ಮ ಬಳಸುವ ‘ಶುದ್ಧ’, ‘ಅಪ್ಪಟ’, ‘ನಿಜವಾದ ಡ್ರೈವರ್‌ನ ಕಾರು’ ಎಂಬ ಪದಗಳು ನನಗೆ ಸಾಹಿತ್ಯದ ಜಗಳಗಳಿಂದ ಚೆನ್ನಾಗಿ ಪರಿಚಯ. ಯಾರಾದರೂ ಶುದ್ಧತೆಯ ಮಾತೆತ್ತಿದರೆ ಹೊಸ್ತಿಲಾಚೆ ಯಾರನ್ನು ನಿಲ್ಲಿಸುತ್ತಿದ್ದಾರೆ ಎಂದು ಮೊದಲು ನೋಡಬೇಕು.

ಭೌತಶಾಸ್ತ್ರದ ಮಟ್ಟಿಗೆ ತಮ್ಮ ಹೇಳುವುದು ಸುಳ್ಳಲ್ಲ. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಗೊತ್ತು. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಕಾರಿನಲ್ಲೂ ಆಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ತಳ್ಳುವ ಗಾಡಿಗೆ ಅದು ಅನುಕೂಲ, ತಳ್ಳುವ ಟೈರೇ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ, ಮುಂದಿನ ಚಕ್ರಗಳು ತಿರುಗಿಸುವ ಕೆಲಸವನ್ನಷ್ಟೇ ನೋಡಿಕೊಳ್ಳುತ್ತವೆ. ಮುಂದಿನ ಚಕ್ರವೇ ಎಳೆಯುವ ಕಾರಿನಲ್ಲಿ ಎಳೆಯುವುದೂ ತಿರುಗಿಸುವುದೂ ಅದೇ ಟೈರುಗಳ ಪಾಲು, ತಿರುವಿನಲ್ಲಿ ವೇಗ ಹೆಚ್ಚಿಸಿದರೆ ಗಾಡಿ ಹೊರಕ್ಕೆ ಜಾರಲು ನೋಡುತ್ತದೆ. ಹಿಂದಿನ ಚಕ್ರದ ಕಾರು ತಪ್ಪಿದರೆ ಬಾಲ ಬೀಸುತ್ತದೆ. ಆ ಬಾಲವನ್ನು ಹಿಡಿತಕ್ಕೆ ತರುವುದೇ ಇವರ ಮೋಜು.

ಆ ಮೋಜು ನನಗೂ ಗೊತ್ತು. ಏಳು ವರ್ಷದ ಹಿಂದೆ, ವೇದಾವತಿ ದಂಡೆಯ ಎರೆ ನೆಲದ ದಾರಿಯಲ್ಲಿ, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ, ತಿರುವಿನಲ್ಲಿ ಓಮ್ನಿಯ ಹಿಂಭಾಗ ಮೆಲ್ಲಗೆ ಹೊರಕ್ಕೆ ಹೊರಟಿತು. ಸ್ಟೇರಿಂಗನ್ನು ಅದು ಜಾರಿದ ಕಡೆಗೇ ತಿರುಗಿಸಿದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನೇ ಹೋಯಿತು. ಗಾಡಿ ನೆಟ್ಟಗಾಯಿತು. ಅರ್ಧ ಸೆಕೆಂಡು ಜೀವ ಬಾಯಿಗೆ ಬಂದಿತ್ತು, ಆದರೆ ಸುಳ್ಳು ಹೇಳಲಾರೆ, ಖುಷಿಯೂ ಆಗಿತ್ತು. ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಸೊಪ್ಪಿನ ಗಂಟನ್ನು ಎದೆಗವಚಿಕೊಂಡು ‘ನಿಧಾನ ಕಣವ್ವ’ ಎಂದಳು. ಆ ಖುಷಿ ಅಜ್ಜಿಯನ್ನು ಕೂರಿಸಿಕೊಂಡು ಪಡುವಂಥದ್ದಲ್ಲ ಎಂದು ಅವತ್ತೇ ಗೊತ್ತಾಯಿತು.

ಇನ್ನು ಶುದ್ಧತೆಯ ಚರಿತ್ರೆಗೆ ಬರೋಣ. ನಮ್ಮ ದೇಶದಲ್ಲಿ ಹಿಂದಿನ ಚಕ್ರ ಒಂದು ಕಾಲಕ್ಕೆ ಎಲ್ಲರದೂ ಆಗಿತ್ತು. ಅಂಬಾಸಿಡರ್ ಹಿಂದಿನ ಚಕ್ರದ್ದು, ಪ್ರೀಮಿಯರ್ ಪದ್ಮಿನಿಯೂ ಅಷ್ಟೇ. ಅಂಬಾಸಿಡರ್‌ನಲ್ಲಿ ಮದುವೆ ದಿಬ್ಬಣ ಹೋದ ಯಾರೂ ‘ಆಹಾ, ಎಂಥ ಹಿಂಬದಿ ಚಾಲನೆ’ ಎಂದು ಕಣ್ಣರಳಿಸಿದ್ದು ನಾನು ಕೇಳಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಎಂಜಿನ್ನು ಅಡ್ಡಲಾಗಿ ಮುಂದೆ, ಎಳೆಯುವ ಚಕ್ರವೂ ಮುಂದೆ, ನಡುವೆ ಉದ್ದದ ಶಾಫ್ಟ್ ಇಲ್ಲ. ಆದ್ದರಿಂದ ಗಾಡಿ ಹಗುರ, ಒಳಗೆ ಕಾಲು ಚಾಚಲು ಜಾಗ. ಆಗ ಆಧುನಿಕತೆಯ ಪಟ್ಟ ಮುಂದಿನ ಚಕ್ರಕ್ಕೆ ಸಿಕ್ಕಿತು. ಅದೇ ಕಂಪನಿ 1984ರಲ್ಲಿ ಅದೇ 796 ಸಿಸಿ ಎಂಜಿನ್ನನ್ನು ಮುಂದಿನ ಸೀಟಿನ ಕೆಳಗಿಟ್ಟು, ಹಿಂದಿನ ಚಕ್ರಕ್ಕೆ ಶಾಫ್ಟ್ ಕೊಟ್ಟು ವ್ಯಾನು ಮಾಡಿತು. ಅದೇ ಮುಂದೆ ಓಮ್ನಿ ಎನ್ನಿಸಿಕೊಂಡು 2019ರವರೆಗೆ ತಯಾರಾಯಿತು. ಹೇರು ಹಿಂದೆ ಬೀಳುವ ಗಾಡಿಗೆ ಹಿಂದಿನ ಚಕ್ರವೇ ತಳ್ಳಬೇಕು ಎಂಬ ಸರಳ ಲೆಕ್ಕ ಅದರ ಹಿಂದಿತ್ತು. ಟ್ರ್ಯಾಕ್ಸ್, ಬೊಲೆರೊ, 2010ರಲ್ಲಿ ಬಂದ ಈಕೋ, ಎಲ್ಲದರದೂ ಅದೇ ಲೆಕ್ಕ.

ಈಗ ಸಣ್ಣ ಕಾರುಗಳೆಲ್ಲ ಮುಂದಿನ ಚಕ್ರಕ್ಕೆ ಹೋದ ಮೇಲೆ ಹಿಂದಿನ ಚಕ್ರ ಉಳಿದಿರುವುದು ಹೆಚ್ಚಾಗಿ ಎರಡು ಕಡೆ. ಒಂದು ದುಬಾರಿ ಸೆಡಾನುಗಳಲ್ಲಿ, ಇನ್ನೊಂದು ಹೇರು ಹೊರುವ ಗಾಡಿಗಳಲ್ಲಿ. ಒಂದೇ ಶಾಫ್ಟು, ಒಂದೇ ಕ್ರೌನು. ಆದರೆ ಸೆಡಾನಿನ ಅಡಿಯಲ್ಲಿ ತಿರುಗಿದರೆ ಅದು ಕಲೆ, ವ್ಯಾನಿನ ಅಡಿಯಲ್ಲಿ ತಿರುಗಿದರೆ ಕೂಲಿ. ಇದನ್ನು ಜಾತಿ ಎನ್ನದೆ ಇನ್ನೇನೆನ್ನಲಿ? ಬಿಡದಿಯಲ್ಲಿ ತಯಾರಾಗುವ ಇನೋವಾದ ಹೊಸ ಹೈಕ್ರಾಸ್ ಮುಂದಿನ ಚಕ್ರಕ್ಕೆ ಬದಲಾದಾಗ ತಮ್ಮನ ಗೆಳೆಯರ ಗುಂಪು ಶೋಕಾಚರಣೆಯನ್ನೇ ಮಾಡಿತು. ನಮ್ಮೂರಿನ ಬಾಡಿಗೆ ಗಾಡಿಯವರು ಮೈಲೇಜ್ ಎಷ್ಟು ಎಂದು ಕೇಳಿ ಸುಮ್ಮನಾದರು.

ಈ ಜನ ನೆನೆಯಬೇಕಾದ ಒಬ್ಬರಿದ್ದಾರೆ, ಕೊಯಮತ್ತೂರಿನ ಎಸ್. ಕರಿವರದನ್. ಮಾರುತಿ 800ರ ಎಂಜಿನ್ನನ್ನೇ ತೆಗೆದು, ಚಾಲಕನ ಬೆನ್ನ ಹಿಂದಿಟ್ಟು ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು. ಹಾಲಿನವರು, ಮೇಷ್ಟ್ರುಗಳು ಓಡಿಸುವ ಕಾರಿನ ಎಂಜಿನ್ನನ್ನು ಅವರು ಕೀಳೆಂದು ಬಗೆಯಲಿಲ್ಲ. ನಮ್ಮ ಓಮ್ನಿಯ ಸೀಟಿನಡಿ ಗುರುಗುಟ್ಟುವುದು ಅದೇ ಮನೆತನದ ಎಂಜಿನ್ನು.

ಹಾಗೆಂದು ಈಕೋ ಕೊಂಡು ಟ್ರ್ಯಾಕಿಗೆ ಹೋಗು ಎನ್ನುತ್ತಿಲ್ಲ. ‘ಬಡವರ ಬಿಎಂಡಬ್ಲ್ಯು’ ಎಂದು ಅದನ್ನು ತಿರುವಿನಲ್ಲಿ ಜಾರಿಸಿ ವಿಡಿಯೋ ಮಾಡುವ ಹುಡುಗರಿದ್ದಾರೆ. ಎತ್ತರದ ಮೈ, ಸಪೂರ ಟೈರು, ಅದು ಮಗುಚಿಕೊಳ್ಳುವ ದಾರಿ. ನಾನು ಕೇಳುತ್ತಿರುವುದು ಬೇರೆ. ‘ಒಂದೇ ಕಾರಲ್ಲಿ ಎರಡೂ’ ಎಂಬ ಮಂತ್ರ ನಮಗೆ ಎಲ್ಲಿಂದ ಬಂತು? ಸರ್ಕ್ಯೂಟುಗಳು ಹತ್ತಿರವಿರುವ, ಸೋವಿಯಲ್ಲಿ ಹಳೇ ಸ್ಪೋರ್ಟ್ಸ್ ಕಾರು ಸಿಗುವ ದೇಶಗಳಿಂದ. ತಮ್ಮ ಮೊಬೈಲಿನಲ್ಲಿ ತೋರಿಸುವ ಟೊಯೋಟಾ ಜಿಆರ್86 ಆಗಲಿ ಮಾಜ್ದಾ ಎಂಎಕ್ಸ್-5 ಆಗಲಿ ಇಲ್ಲಿ ಮಾರಾಟಕ್ಕೇ ಇಲ್ಲ. ಎರಡನೆಯದಕ್ಕೆ ಇರುವುದು ಎರಡೇ ಸೀಟು, ಅಜ್ಜಿಯನ್ನು ಡಿಕ್ಕಿಯಲ್ಲಿ ಕೂರಿಸಬೇಕೇನೋ. ಟ್ರ್ಯಾಕ್ ಎಂದರೆ ನಮಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನ ಸುಮಾರು 3.7 ಕಿ.ಮೀ. ಸರ್ಕ್ಯೂಟು, ಇಲ್ಲವೇ ಕೊಯಮತ್ತೂರಿನ ಸುಮಾರು 2.1 ಕಿ.ಮೀ.ನದು. ಎರಡಕ್ಕೂ ರಾಜ್ಯ ದಾಟಿ ಹೋಗಬೇಕು. ಅಲ್ಲಿ ಒಂದು ದಿನ ಓಡಿದ ಕಾರಿನ ಟೈರು, ಬ್ರೇಕ್ ಪ್ಯಾಡು ಊರಿನ ಓಡಾಟದ ಎಷ್ಟೋ ತಿಂಗಳ ಸವೆತವನ್ನು ಒಂದೇ ದಿನದಲ್ಲಿ ಕಾಣುತ್ತವೆ. ಅಲ್ಲಿ ಗೋಡೆಗೆ ತಾಗಿದರೆ? ನಮ್ಮ ಮಾಮೂಲಿ ವಿಮಾ ಪಾಲಿಸಿಯನ್ನು ಬಿಚ್ಚಿ ಓದಿ: ಸಂಘಟಿತ ರೇಸು, ವೇಗದ ಪರೀಕ್ಷೆ ಇವಕ್ಕೆ ರಕ್ಷಣೆ ಇಲ್ಲ ಎಂದು ಬರೆದಿರುತ್ತದೆ. ಶನಿವಾರ ಟ್ರ್ಯಾಕಿನಲ್ಲಿ ಮುರಿದ ಕಾರು ಸೋಮವಾರ ಅಪ್ಪನನ್ನು ಚಿತ್ರದುರ್ಗಕ್ಕೆ ಒಯ್ಯುವುದಿಲ್ಲ.

ಆದ್ದರಿಂದ ಟ್ರ್ಯಾಕಿಗೆಂದು ಕೊಂಡ ಕಾರು ಟ್ರ್ಯಾಕಿಗೆ ಹೋಗುವುದೇ ಅಪರೂಪ. ಅದು ಹೋಗುವುದು ಹಿರಿಯೂರು–ಬಳ್ಳಾರಿ ಹೆದ್ದಾರಿಗೆ, ರಾತ್ರಿ ಹನ್ನೊಂದರ ಮೇಲೆ. ಸಾರ್ವಜನಿಕ ರಸ್ತೆಯಲ್ಲಿ ರೇಸು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನಿನ ಮಾತು ಬಿಡಿ, ಅದೇ ರಸ್ತೆಯನ್ನು ಕುರಿಮಂದೆ ದಾಟುತ್ತದೆ, ಹಿಂದೆ ಕಂಬಳಿ ಹೊದ್ದ ಒಬ್ಬ ಮುದುಕ ಇರುತ್ತಾನೆ, ಅವನ ಮೈಮೇಲೆ ರಿಫ್ಲೆಕ್ಟರ್ ಇರುವುದಿಲ್ಲ.

ತಮ್ಮ ಒಂದು ಮಾತು ಕೇಳಿದ. ಅದಕ್ಕೆ ಈಗಲೂ ಸರಾಗವಾಗಿ ಉತ್ತರಿಸಲಾರೆ. ‘ಹಂಗಾದ್ರೆ ನಮ್ಮಂಥೋರು ಖುಷಿನೇ ಪಡಬಾರದಾ ಅಕ್ಕಾ? ಯಾವಾಗ್ಲೂ ಗೊಬ್ಬರದ ಚೀಲ, ಆಸ್ಪತ್ರೆ, ಇಷ್ಟೇನಾ?’

ಪಡಬೇಕು. ವೇಗದ ಸುಖ ದೊಡ್ಡವರ ಸ್ವತ್ತಲ್ಲ. ಆದರೆ ಪಣಕ್ಕೆ ಅಪ್ಪ ಕೂರುವ ಸೀಟನ್ನು ಇಡಬೇಡ. ಶಾಲೆಯವರೇ ರೇಸ್ ಕಾರು ಕೊಟ್ಟು ಕಲಿಸುವ ತರಬೇತಿಗಳು ಆ ಸರ್ಕ್ಯೂಟುಗಳಲ್ಲಿವೆ. ವರ್ಷಕ್ಕೊಮ್ಮೆ ರೈಲು ಹತ್ತಿ ಹೋಗು, ದುಡ್ಡಿಗೆ ನಾನೂ ಕೈಜೋಡಿಸುತ್ತೇನೆ. ನಿನ್ನ ಗುಂಪಿಗೆ ಸಿಟ್ಟು ಬರಬೇಕಾದದ್ದು ಹೈಕ್ರಾಸ್ ಮೇಲಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆಸುವ ಈ ರಾಜ್ಯದಲ್ಲಿ, ಹಳೇ ಆಲ್ಟೊ ಇರುವ ಹುಡುಗಿಯೊಬ್ಬಳು ಇನ್ನೂರು ರೂಪಾಯಿ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ಕೋನುಗಳ ನಡುವೆ ಗಾಡಿ ತಿರುಗಿಸಿ ನೋಡುವ ಒಂದು ಅಂಗಳ ಜಿಲ್ಲೆಗೊಂದಾದರೂ ಏಕಿಲ್ಲ ಎಂದು ಸಿಟ್ಟು ಬರಲಿ. ಅದಕ್ಕೆ ಹೊಸ ಭೂಮಿ ಬೇಡವೇ ಬೇಡ. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಈಗಾಗಲೇ ಸಾಕಷ್ಟು ಬೇಲಿ ಎದ್ದಿದೆ, ಡ್ರೋನು ಹಾರಿಸುವ ರನ್‌ವೇಯೂ ಆಗಿದೆ. ಮಿಕ್ಕ ಹುಲ್ಲು ದನ, ಕುರಿಗಳದು. ರಜೆಯ ದಿನ ಖಾಲಿ ಬೀಳುವ ಎಪಿಎಂಸಿ ಅಂಗಳ ಸಾಕು. ಅಂಥ ಕಡೆ ಹಿಂದಿನ ಚಕ್ರವೋ ಮುಂದಿನ ಚಕ್ರವೋ ಯಾರೂ ಕೇಳುವುದಿಲ್ಲ, ಯಾರು ಕೋನು ಬೀಳಿಸಿದರು ಎಂದಷ್ಟೇ ಎಣಿಸುತ್ತಾರೆ.

ಕಳೆದ ಭಾನುವಾರ ಓಮ್ನಿ ನೋಡಲು ತರಕಾರಿ ವ್ಯಾಪಾರದ ಒಬ್ಬರು ಬಂದಿದ್ದರು. ಬಾಗಿಲು ತೆಗೆದು ನೋಡಲಿಲ್ಲ, ಸೀಟು ಮುಟ್ಟಲಿಲ್ಲ. ಟವೆಲ್ ಹಾಸಿ ಗಾಡಿಯ ಅಡಿಗೆ ನುಸುಳಿ, ಶಾಫ್ಟನ್ನು ಕೈಯಿಂದ ಅಲ್ಲಾಡಿಸಿ, ‘ಕ್ರೌನು ಗಟ್ಟಿ ಐತೆ, ಹೇರು ತಡೀತೈತೆ’ ಎಂದರು. ಅದನ್ನು ವಿಡಿಯೋ ಕಾಲಿನಲ್ಲಿ ತಮ್ಮನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಇವತ್ತೇ ಕೊಟ್ಟುಬಿಡಬೇಡಿ ಅಕ್ಕಾ, ಮುಂದಿನ ವಾರ ಬರ್ತೀನಿ, ಹೊಲದಲ್ಲಿ ಒಂದು ರೌಂಡು ಓಡಿಸಬೇಕು’ ಎಂದ.